ಅರಂತೋಡಿನ ಮಳೆಯೂ ಗಾಲಿಕುರ್ಚಿಯ ಗವಸೂ

ಪುತ್ತೂರಿನಿಂದ ಸುಳ್ಯವನ್ನು ಹಾದು ಮಡಿಕೇರಿಯ ಘಟ್ಟವನ್ನೇರುವ ಹೆದ್ದಾರಿಯಲ್ಲಿ, ಸುಳ್ಯದ ಪೇಟೆಯನ್ನು ದಾಟಿ ಸುಮಾರು 10 ಕಿಲೋಮೀಟರು ಮುಂದುವರಿದರೆ ಅರಂತೋಡು ಎಂಬ ಗ್ರಾಮವು ದೊರೆಯುತ್ತದೆ. ತಗ್ಗಿನಲ್ಲಿ ಪಯಸ್ವಿನೀ ನದಿ, ಅದರ ಬದಿಯಲ್ಲಿ ಅಡಿಕೆಯ ತೋಟ, ತೋಟದ ಮೇಲೆ ರಬ್ಬರಿನ ಗುಡ್ಡ, ಅದಕ್ಕೂ ಮೇಲೆ ಸಹ್ಯಾದ್ರಿಯ ಕಾಡು—ಇದು ಈ ಸೀಮೆಯ ಸ್ವರೂಪ. ‘ಪಯಸ್’ ಎಂಬ ಶಬ್ದಕ್ಕೆ ಸಂಸ್ಕೃತದಲ್ಲಿ ನೀರೆಂದೂ ಹಾಲೆಂದೂ ಎರಡರ್ಥಗಳಿರುವುದನ್ನು ವಾಚಕರು ಬಲ್ಲರು. ಬೇಸಗೆಯಲ್ಲಿ ಬಂಡೆಗಳ ನಡುವೆ ಬೆಳ್ಳಗೆ ನುಸುಳುವ ಹೊಳೆಗೆ ಎರಡನೆಯ ಅರ್ಥವು ಚೆನ್ನಾಗಿ ಒಪ್ಪುತ್ತದೆ. ಆಷಾಢದಲ್ಲಿ ಕೆಮ್ಮಣ್ಣನ್ನು ಹೊತ್ತು ದಡ ತುಂಬಿ ಬರುವಾಗ ಮೊದಲನೆಯ ಅರ್ಥವೊಂದೇ ಉಳಿಯುತ್ತದೆ. ಇದೇ ನೀರು ಪಡುವಣಕ್ಕೆ ಹರಿದು ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಬಳಿಯಲ್ಲಿ ಕಡಲನ್ನು ಸೇರುವುದು.

ಈ ನೆಲವು ಬಹುಕಾಲ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಮಾನವಾಗಿ ಸೇರಿದ್ದು. ಕೊಡಗಿನ ಅರಸರ ಆಳಿಕೆಯಲ್ಲಿದ್ದ ಅಮರಸುಳ್ಯದ ಸೀಮೆಯನ್ನು 1834ರಲ್ಲಿ ಆಂಗ್ಲರು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಮೂರು ವರ್ಷಗಳೊಳಗೆ, 1837ರಲ್ಲಿ, ಇಲ್ಲಿಯ ರೈತರು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಎದ್ದು ಮಂಗಳೂರಿನವರೆಗೆ ಹೋಗಿ ಆ ಪಟ್ಟಣವನ್ನು ಕೆಲವು ದಿನ ತಮ್ಮ ಕೈಯಲ್ಲಿಟ್ಟುಕೊಂಡಿದ್ದರು. ಇಂದಿಗೂ ಒಂದು ಜಗಲಿಯಲ್ಲಿ ಕುಳಿತರೆ ಅರೆಭಾಷೆ, ತುಳು, ಮಲೆಯಾಳ, ಪುಸ್ತಕದ ಕನ್ನಡ—ಎಲ್ಲವೂ ಒಂದೇ ಗಂಟೆಯೊಳಗೆ ಕಿವಿಗೆ ಬೀಳುತ್ತವೆ.

ಆದರೆ ಈ ಊರಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಆಳುವುದು ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳದು. 2018ರ ಆಗಸ್ಟಿನಲ್ಲಿ ಸಂಪಾಜೆಯ ಮೇಲ್ಗಡೆ ಜೋಡುಪಾಲದ ಬಳಿ ಗುಡ್ಡಗಳೇ ಜಾರಿ ಮನೆಗಳೂ ಜೀವಗಳೂ ಹೋದುದನ್ನೂ, ಮಡಿಕೇರಿಯ ದಾರಿ ಕಡಿದುಹೋದುದನ್ನೂ ಇಲ್ಲಿಯವರು ಮರೆತಿಲ್ಲ. ಅಂಥ ವರ್ಷವಲ್ಲದ ಸಾಧಾರಣ ವರ್ಷದಲ್ಲಿಯೂ ಮಳೆಯು ಮನೆಯ ಒಳಕ್ಕೆ ಬರುತ್ತದೆ. ಸುರಿದು ಅಲ್ಲ, ತೇವವಾಗಿ. ಪುಸ್ತಕಕ್ಕೆ ಬೂಷ್ಟು, ಚರ್ಮದ ಚೀಲಕ್ಕೆ ಬೂಷ್ಟು, ಬಾಗಿಲ ಚಿಲಕಕ್ಕೆ ತುಕ್ಕು.

ಆದುದರಿಂದ ಹೊದಿಸುವ ವಿದ್ಯೆಯು ಇಲ್ಲಿಯವರಿಗೆ ಹುಟ್ಟಿನಿಂದ ಬಂದುದು. ಗದ್ದೆಯಲ್ಲಿ ಬಾಗಿ ನೇಜಿ ನೆಡುವವರು ಬೆನ್ನಿನ ಮೇಲೆ ಗೊರಬೆಯನ್ನು ಹೊದೆಯುತ್ತಿದ್ದರು. ಅಡಿಕೆಯ ಹಾಳೆಯನ್ನು ಮಡಿಸಿ ಮುಟ್ಟಾಳೆ ಮಾಡಿ ತಲೆಗೆ ಇಡುತ್ತಿದ್ದರು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಹುಲ್ಲಿನ ಹಗ್ಗದಿಂದ ಬಿಗಿದು ಮುಡಿ ಕಟ್ಟಿದರೆ ಮಳೆಗಾಲವಿಡೀ ಕೆಡುತ್ತಿರಲಿಲ್ಲ. ಈಗಿನ ರಬ್ಬರು ತೋಟಗಳಲ್ಲಿಯೂ ಮಳೆಗಾಲದಲ್ಲಿ ಹಾಲು ತೆಗೆಯುವ ಮರಕ್ಕೆ ಸುತ್ತಲೂ ಪ್ಲಾಸ್ಟಿಕ್ಕಿನ ಲಂಗವನ್ನು ತೊಡಿಸುವುದನ್ನು ದಾರಿಯುದ್ದಕ್ಕೂ ಕಾಣಬಹುದು. ಇಂಥ ಹೊದಿಕೆಗೆ ಅಮರಕೋಶದಲ್ಲಿ ‘ನಿಚೋಲ’ವೆಂಬ ಶಬ್ದವುಂಟು, ನಮ್ಮ ನುಡಿಯಲ್ಲಿ ಅದಕ್ಕಿಂತ ಹಿತವಾದ ‘ಗವಸು’ ಎಂಬ ಪದವಿದೆ. ವೀಣೆಗೆ ಗವಸು, ಮದ್ದಳೆಗೆ ಗವಸು, ದಿಂಬಿಗೆ ಗವಸು. ನಾವು ಈ ಲೇಖನದಲ್ಲಿ ಹೇಳಹೊರಟಿರುವುದು ಮಡಿಚಿದ ಗಾಲಿಕುರ್ಚಿಗೆ ಹೊಲಿಸಿದ ಒಂದು ಗವಸಿನ ವಿಚಾರ.

ಕಳೆದ ಆಷಾಢದಲ್ಲಿ ನಾವು ಅರಂತೋಡಿನ ನಮ್ಮ ಹಳೆಯ ಶಿಷ್ಯನೊಬ್ಬನ ಮನೆಯಲ್ಲಿ ಹದಿನೈದು ದಿನ ತಂಗಿದ್ದೆವು. ಅವನಿಗೆ ಈಗ ನಲವತ್ತು ದಾಟಿದೆ. ಆರು ವರ್ಷಗಳ ಹಿಂದೆ ಕೊಳೆರೋಗಕ್ಕೆ ಮೈಲುತುತ್ತು ಸುಣ್ಣದ ದ್ರಾವಣವನ್ನು ಸಿಂಪಡಿಸಲು ಮರವನ್ನೇರಿದವನು ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ತಿಳಿಯದು. ಅಡಿಕೆಯ ನಾಡಿನಲ್ಲಿ ಇದು ಅಪೂರ್ವವಾದ ಕಥೆಯಲ್ಲ. ಇತ್ತೀಚಿನ ವರ್ಷಗಳಲ್ಲಿ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಬಂದು, ನೆಲದಲ್ಲಿ ನಿಂತೇ ಗೊನೆ ಕೊಯ್ಯುವುದೂ ಮದ್ದು ಬಿಡುವುದೂ ಸಾಧ್ಯವಾಗಿದೆ. ಅವು ಬರುವ ಮೊದಲು ಬಿದ್ದವರು ಊರೂರಿನಲ್ಲಿ ಇದ್ದಾರೆ.

ನಮ್ಮ ಶಿಷ್ಯನು ತೋಟದ ಲೆಕ್ಕವನ್ನೆಲ್ಲ ಚಾವಡಿಯಲ್ಲಿ ಕುಳಿತೇ ನೋಡಿಕೊಳ್ಳುವನು. ಆದರೆ ಅವನ ಪ್ರಾಣವಿರುವುದು ತಾಳಮದ್ದಳೆಯಲ್ಲಿ. ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ, ಮಳೆಗಾಲದ ತಿಂಗಳುಗಳಲ್ಲಿ ಈ ಜಿಲ್ಲೆಯ ಮನೆ, ಮಠ, ದೇವಸ್ಥಾನಗಳಲ್ಲಿ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುವರು, ಅರ್ಥಧಾರಿಗಳು ಕುಳಿತು ಮಾತಿನಲ್ಲಿಯೇ ಪಾತ್ರವನ್ನು ನಿಲ್ಲಿಸುವರು. ಕುಳಿತು ಆಡುವ ಕಲೆಯೊಂದು ತನ್ನ ಊರಿನಲ್ಲಿರುವುದು ತನ್ನ ಪುಣ್ಯವೆಂದು ಅವನು ಹೇಳುತ್ತಿದ್ದನು. ನಮ್ಮ ತರಗತಿಯಲ್ಲಿ ಶಬ್ದಮಂಜರಿಯನ್ನು ಬಾಯಿಪಾಠ ಮಾಡಲು ಅಳುತ್ತಿದ್ದ ಹುಡುಗನು ವಿದುರನ ಅರ್ಥವನ್ನು ಹೇಳುವುದನ್ನು ಕೇಳಿ ನಾವು ಬೆರಗಾದುದುಂಟು.

ಆದರೆ ಎರಡು ವರ್ಷಗಳಿಂದ ಅವನು ಮಳೆಗಾಲದಲ್ಲಿ ಮನೆಯನ್ನು ಬಿಟ್ಟಿರಲಿಲ್ಲ. ಕಾರಣವನ್ನು ಅವನ ತಾಯಿ ಹೇಳಿದರು. ಒಂದು ಕೂಟಕ್ಕೆ ಹೋಗುವಾಗ ಕುರ್ಚಿಯನ್ನು ಬಾಡಿಗೆಯ ಜೀಪಿನ ಮೇಲೆ ಕಟ್ಟಿದ್ದರು. ದಾರಿಯಲ್ಲಿ ಜಡಿಮಳೆ. ಹರಿದ ಪ್ಲಾಸ್ಟಿಕ್ಕಿನ ಹಾಳೆಯೊಂದನ್ನು ಮೇಲೆ ಹೊದಿಸಿದ್ದರಾದರೂ ಗಾಳಿಗೆ ಅದು ಎಲ್ಲಿಯೋ ಹಾರಿಹೋಯಿತು. ಇಳಿಸಿದಾಗ ಆಸನವೆಲ್ಲ ಒದ್ದೆ. ಕಳಚಿ ಇಟ್ಟಿದ್ದ ಕಾಲುಮಣೆಗಳಲ್ಲಿ ಒಂದು ಕಾಣೆ. ಹೊತ್ತಾಯಿತೆಂದು ಆಸನವನ್ನು ಬಟ್ಟೆಯಿಂದ ಒರೆಸಿ ಕುಳ್ಳಿರಿಸಿದರು. ಅವನು ಆ ತೇವದಲ್ಲಿ ಐದು ಗಂಟೆಗಳ ಕಾಲ ಅರ್ಥ ಹೇಳಿದನು. ಒದ್ದೆಯೆಂಬುದು ಅವನಿಗೆ ತಿಳಿಯಲಿಲ್ಲ, ತಿಳಿಯುವಂತಿರಲಿಲ್ಲ.

ಬೆನ್ನುಹುರಿಗೆ ಪೆಟ್ಟಾದವರ ವಿಷಯದಲ್ಲಿ ಗೃಹಸ್ಥರು ತಿಳಿಯಲೇಬೇಕಾದ ಸಂಗತಿಯೊಂದು ಇಲ್ಲಿದೆ. ನಾವು ಒಂದೇ ಕಡೆ ಕುಳಿತಾಗ ಎಲುಬಿನ ಒತ್ತಡದಿಂದ ಆ ಭಾಗದ ರಕ್ತದ ಓಟವು ಕುಂದುತ್ತದೆ. ಕೂಡಲೇ ನೋವಾಗಿ ನಾವು ನಮಗರಿವಿಲ್ಲದೆ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶ ತಿಳಿಯದವರಿಗೆ ಆ ಎಚ್ಚರಿಕೆ ಬಾರದು. ಆದುದರಿಂದ ಅವರು ಹದಿನೈದಿಪ್ಪತ್ತು ನಿಮಿಷಗಳಿಗೊಮ್ಮೆ ಕೈಯೂರಿ ಮೈಯನ್ನು ಮೇಲೆತ್ತಿ ಒತ್ತಡವನ್ನು ಬಿಡಿಸಿಕೊಳ್ಳಬೇಕು. ಇಲ್ಲವಾದರೆ ಚರ್ಮವು ಒಡೆದು ಹುಣ್ಣಾಗುವುದು. ಆಸನವು ಒದ್ದೆಯಾಗಿದ್ದರೆ ಚರ್ಮವು ನೆನೆದು ಮೆತ್ತಗಾಗಿ ಇನ್ನಷ್ಟು ಬೇಗ ಒಡೆಯುತ್ತದೆ. ಹೊರಗೆ ರೂಪಾಯಿಯಷ್ಟು ಕೆಂಪಾಗಿ ಕಾಣುವುದು ಒಳಗೆ ಎಲುಬಿನವರೆಗೂ ಹೋಗಿರಬಹುದು. ನಂಜೇರಿದರೆ ಪ್ರಾಣಕ್ಕೂ ಅಪಾಯ. ನಮ್ಮ ಶಿಷ್ಯನು ಆ ರಾತ್ರಿಯ ಫಲವಾಗಿ ಮೂರು ತಿಂಗಳು ಬೋರಲಾಗಿ ಮಲಗಿದನು.

ನಾವು ಅಲ್ಲಿದ್ದಾಗಲೇ ತೊಡಿಕಾನದ ಕಡೆಯ ಮನೆಯೊಂದರಿಂದ ಕರೆ ಬಂದಿತು: ಮುಂದಿನ ಶನಿವಾರ ಕೃಷ್ಣಸಂಧಾನ, ವಿದುರನ ಅರ್ಥಕ್ಕೆ ಅವನೇ ಆಗಬೇಕು ಎಂದು. ಅವನು ಏನನ್ನೂ ಹೇಳದೆ ತಾಯಿಯ ಮುಖವನ್ನು ನೋಡಿದನು.

ಆಕೆ ನಮ್ಮ ಕಡೆಗೆ ತಿರುಗಿ, “ಅರ್ಥ ಹೇಳ್ಲಿಕ್ಕೆ ಬೇರೆಯವರು ಇದ್ದಾರೆ ಮಾಷ್ಟ್ರೇ. ನನಗೆ ಮಗ ಇವನೊಬ್ಬನೇ” ಎಂದರು.

ಅದಕ್ಕೆ ಉತ್ತರವಾಗಿ ಹೇಳತಕ್ಕ ಸುಭಾಷಿತವು ಯಾವುದೂ ನಮಗೆ ತೋರಲಿಲ್ಲ. ಆಕೆಯ ಭಯವು ಕಾರಣವಿಲ್ಲದ್ದಲ್ಲ. ಅವನ ಆಸೆಯೂ ಅನ್ಯಾಯದ್ದಲ್ಲ. ಮಳೆಗಾಲದ ನಾಲ್ಕು ತಿಂಗಳುಗಳನ್ನು ಪ್ರತಿವರ್ಷವೂ ಚಾವಡಿಯಲ್ಲಿ ಕಳೆಯುವುದೆಂದರೆ ಮೂರು ವರ್ಷಕ್ಕೆ ಒಂದು ವರ್ಷವನ್ನು ಜೀವನದಿಂದ ಕಳೆದಂತೆ. ವಿಚಾರಿಸಿ ನೋಡಿದರೆ ಇಬ್ಬರ ನಡುವೆ ನಿಂತಿದ್ದುದು ಒಂದೇ ಪ್ರಶ್ನೆ: ಅರಂತೋಡಿನಿಂದ ತೊಡಿಕಾನಕ್ಕೆ ಕುರ್ಚಿಯು ಒಣಗಿದಂತೆ ಹೋಗಬಲ್ಲುದೆ? ಅವನ ಹೆಂಡತಿಯು ಅದನ್ನು ಮೊದಲು ಆಡಿದಳು. “ಮದ್ದಳೆಗೆ ಗವಸು ಉಂಟು, ಇದಕ್ಕೆ ಯಾಕೆ ಇಲ್ಲ?” ಎಂದಳು.

ಮಡಿಚುವ ಗಾಲಿಕುರ್ಚಿಯ ಚರಿತ್ರೆಯೇ ಪ್ರಯಾಣದ ಆಸೆಯಿಂದ ಹುಟ್ಟಿದುದು. 1655ರಲ್ಲಿ ಜರ್ಮನಿಯ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರದ ಕೆಲಸದವನು, ತಾನು ನಡೆಯಲಾರದವನಾಗಿದ್ದುದರಿಂದ, ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಗಳ ಕುರ್ಚಿಯನ್ನು ಮಾಡಿಕೊಂಡನು. ಆದರೆ ಅಂದಿನಿಂದ ಬಹುಕಾಲದವರೆಗೆ ಇಂಥ ಕುರ್ಚಿಗಳು ಮರದ ಭಾರವಾದ ರಥಗಳಂತಿದ್ದುವು. ಬೇರೆ ವಾಹನದಲ್ಲಿ ಹಾಕಿ ಒಯ್ಯುವಂತಿರಲಿಲ್ಲ. ಅಮೆರಿಕದಲ್ಲಿ ಗಣಿಯ ಅಪಘಾತದಿಂದ ಬೆನ್ನು ಮುರಿದ ಹರ್ಬರ್ಟ್ ಎವರೆಸ್ಟ್ ಎಂಬ ಎಂಜಿನಿಯರನಿಗಾಗಿ ಅವನ ಸ್ನೇಹಿತ ಹ್ಯಾರಿ ಜೆನ್ನಿಂಗ್ಸ್ ಎಂಬವನು 1933ರ ಸುಮಾರಿಗೆ ಉಕ್ಕಿನ ಕೊಳವೆಗಳಿಂದ, ಕತ್ತರಿಯಂತೆ ಅಡ್ಡಹಾಯುವ ಎರಡು ತೋಳುಗಳನ್ನು ಆಸನದ ಅಡಿಯಲ್ಲಿಟ್ಟು, ಮಡಿಚಿ ಕಾರಿನಲ್ಲಿ ಇಡಬಹುದಾದ ಕುರ್ಚಿಯನ್ನು ರಚಿಸಿದನು. ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಕಾಣುವ ಸಾಧಾರಣ ಕುರ್ಚಿಗಳು ಬಹುಮಟ್ಟಿಗೆ ಅದೇ ವಂಶದವು. ನಮ್ಮ ದೇಶದಲ್ಲಿ ಇಂಥ ಉಪಕರಣಗಳಿಗಾಗಿಯೇ 1972ರಲ್ಲಿ ಕಾನಪುರದಲ್ಲಿ ಸರಕಾರದ ಕಾರ್ಖಾನೆಯು ಸ್ಥಾಪಿತವಾಯಿತು.

ಆಸನದ ನಡುವನ್ನು ಹಿಡಿದು ಮೇಲಕ್ಕೆ ಎಳೆದರೆ ಆ ಕತ್ತರಿಯು ಮುಚ್ಚಿ, ಎರಡಡಿಗೂ ಹೆಚ್ಚು ಅಗಲದ ಕುರ್ಚಿಯು ಒಂದಡಿಗೆ ಇಳಿಯುತ್ತದೆ. ತೂಕವು ಮಾತ್ರ 15ರಿಂದ 20 ಕಿಲೋಗ್ರಾಮಿನಷ್ಟು ಹಾಗೆಯೇ ಇರುತ್ತದೆ. ಮಡಿಚುವ ಈ ಗುಣವೇ ಮಳೆಗೆ ದಾರಿಯನ್ನೂ ಮಾಡಿಕೊಡುವುದು. ಆಸನದ ಬಟ್ಟೆಯು ಮಡಿಕೆಯಾಗಿ ದೋಣಿಯಂತೆ ನೀರನ್ನು ಹಿಡಿಯುತ್ತದೆ. ಕೊಳವೆಗಳ ತೆರೆದ ಬಾಯಿಗಳಿಂದ ನೀರು ಒಳಗಿಳಿದು ತುಕ್ಕು ಒಳಗಿನಿಂದ ತಿನ್ನುತ್ತದೆ. ಗಾಲಿಯ ನಡುವಿನ ಗುಂಡುಗಳಿಗೆ ಕೆಸರು ಸೇರಿ ಕಿರುಗುಟ್ಟುತ್ತದೆ.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಪೇಟೆಯ ದರ್ಜಿಯ ಬಳಿಗೆ ಹೋದೆವು. ಅವನು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ಎಂತ ಮಾಷ್ಟ್ರೇ, ಕುರ್ಚಿಗೂ ಅಂಗಿಯಾ?” ಎಂದನು. ವಿಷಯವನ್ನು ತಿಳಿಸಿದೊಡನೆ ನಗೆಯನ್ನು ಬಿಟ್ಟು ಟೇಪನ್ನು ತೆಗೆದುಕೊಂಡನು. ಅವನು ಅಳತೆ ತೆಗೆದ ಬಗೆಯೂ ಹೊಲಿದ ಬಗೆಯೂ ನಮ್ಮ ವಾಚಕರ ಮನೆಗಳಲ್ಲಿ ಪ್ರಯೋಜನಕ್ಕೆ ಬರಬಹುದಾದುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇವೆ.

ಮೊದಲು ಕುರ್ಚಿಯನ್ನು ಮಡಿಚಿ, ಕಾಲುಮಣೆಗಳನ್ನೂ ಮೆತ್ತೆಯನ್ನೂ ಕಳಚಿ, ಉದ್ದ, ಎತ್ತರ, ದಪ್ಪಗಳನ್ನು ಅತ್ಯಂತ ಉಬ್ಬಿದ ಕಡೆಯಲ್ಲಿ ಅಳೆದನು. ಸುತ್ತಲೂ ಮೂರು ಬೆರಳು ಸಡಿಲವಿಟ್ಟನು. ಬಿಗಿಯಾದರೆ ಅವಸರದಲ್ಲಿ ತೊಡಿಸಲಾಗದು, ಅತಿ ಸಡಿಲವಾದರೆ ಗಾಳಿಗೆ ಉಬ್ಬಿ ಹರಿಯುವುದು. ಬಟ್ಟೆಯು ಲಾರಿಗಳಿಗೆ ಹೊದಿಸುವ ಟಾರ್ಪಾಲಿನ ತೆಳುವಾದ ಜಾತಿ. ಬ್ರೇಕಿನ ಹಿಡಿ, ಗಾಲಿಯ ಅಚ್ಚು ಮುಂತಾದ ಚೂಪಾದ ಭಾಗಗಳು ತಾಗುವ ಕಡೆಗಳಲ್ಲಿ ಒಳಗಿನಿಂದ ಹಳೆಯ ಜೀನ್ಸಿನ ತುಂಡುಗಳನ್ನು ಇಟ್ಟು ಹೊಲಿದನು.

ಗವಸಿನ ಬಾಯಿಯನ್ನು ಮೇಲಕ್ಕೆ ಇಡುವುದೋ ಕೆಳಕ್ಕೆ ಇಡುವುದೋ ಎಂಬ ಚರ್ಚೆಯಾಯಿತು. ಚೀಲದಂತೆ ಮೇಲಿನಿಂದ ತೆರೆದರೆ ಕುರ್ಚಿಯನ್ನು ಎತ್ತಿ ಇಳಿಬಿಡಬೇಕು; ನೀರು ಬಾಯಿಂದಲೇ ಒಳಗಿಳಿಯುವುದು. “ಗೊರಬೆಯ ಹಾಗೆ ಮೇಲಿಂದ ಕವಚುವ” ಎಂದು ದರ್ಜಿಯೇ ತೀರ್ಮಾನಿಸಿದನು. ಹಾಗೆಯೇ ಮೇಲಿನಿಂದ ತೊಡಿಸಿ, ತಳದಲ್ಲಿ ಲಾಡಿಯನ್ನು ಎಳೆದು ಕಟ್ಟುವ ಏರ್ಪಾಡಾಯಿತು. ವಾಹನದ ಮೇಲೆ ಮಲಗಿಸುವಾಗ ಈ ಬಾಯಿಯು ಹಿಂದಕ್ಕೆ ಇರಬೇಕು. ಮುಂದಕ್ಕಿದ್ದರೆ ಓಟದ ಗಾಳಿಯು ಮಳೆಯನ್ನು ಒಳಕ್ಕೆ ನೂಕುತ್ತದೆ. ಎತ್ತುವ ಹಿಡಿಗಳಿಗೆ ಮಂಚದ ನವಾರನ್ನು ಬಳಸಿದನು. ಅದನ್ನು ಬಟ್ಟೆಗೆ ಹೊಲಿದು ಬಿಡದೆ, ಕುರ್ಚಿಯ ಅಡಿಯಿಂದ ಸುತ್ತಿಬರುವಂತೆ ಮಾಡಿದನು. ಭಾರವನ್ನು ನವಾರು ಹೊರಬೇಕು, ಹೊಲಿಗೆ ಹೊರಬಾರದು. ಒಳಗಡೆ ಕಾಲುಮಣೆಗಳಿಗೆ ಗುಂಡಿಯಿರುವ ಎರಡು ಜೇಬುಗಳು. ಹೊರಗಡೆ ಮನೆಯ ಹೆಸರೂ ಫೋನಿನ ಸಂಖ್ಯೆಯೂ ಇರುವ ಬಿಳಿಯ ಪಟ್ಟಿ. ಕೊನೆಗೆ, ಸೂಜಿಯ ತೂತುಗಳಿಂದ ನೀರು ಇಳಿಯದಂತೆ ಹೊಲಿಗೆಯ ಸಾಲುಗಳ ಮೇಲೆ ಜೇನುಮೇಣವನ್ನು ಉಜ್ಜಿ ಬಿಸಿಯಾದ ಚಮಚೆಯ ಬೆನ್ನನ್ನು ಓಡಿಸಿದರು. ಈ ಕೆಲಸವನ್ನು ಮನೆಯಲ್ಲಿ ನಮ್ಮ ಶಿಷ್ಯನ ಹೆಂಡತಿಯೇ ಮಾಡಿದಳು. ಮೆತ್ತೆಗೆ ಬೇರೆ ಚಿಕ್ಕ ಚೀಲ; ಅದು ಯಾವಾಗಲೂ ವಾಹನದ ಒಳಗೆ, ಅವನ ಜೊತೆಯಲ್ಲಿಯೇ. ದರ್ಜಿಯು ಹೊಲಿಗೆಯ ಕೂಲಿಯನ್ನು ಬಿಡುವೆನೆಂದನು. ಶಿಷ್ಯನು ಒಪ್ಪದೆ ಪೂರ್ತಿ ಕೊಟ್ಟನು.

ತಾಯಿಯು ಗವಸನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಬಳಿಕ ಬಚ್ಚಲಿನಿಂದ ಎರಡು ಕೊಡ ನೀರನ್ನು ತಂದು ಅಂಗಳದಲ್ಲಿ ಅದರ ಮೇಲೆ ಸುರಿಯಿಸಿದರು. ಒಳಗೆ ಕೈಯಿಟ್ಟು ನೋಡಿ, “ನಾನೂ ಬರ್ತೇನೆ” ಎಂದು ಮಾತ್ರ ಹೇಳಿದರು.

ಶನಿವಾರ ಸಂಜೆ ಹೊರಟೆವು. ಅರಂತೋಡಿನಿಂದ ತೊಡಿಕಾನಕ್ಕೆ ಹೆದ್ದಾರಿಯನ್ನು ಬಿಟ್ಟು ಒಳದಾರಿ. ಇಕ್ಕೆಲದಲ್ಲಿ ತೋಟ, ಮುಂದೆ ಕಾಡು. ಇದೇ ದಿಕ್ಕಿನಲ್ಲಿ ಬೆಟ್ಟವನ್ನೇರಿದರೆ ಭಾಗಮಂಡಲ. ತೊಡಿಕಾನದಲ್ಲಿ ಮಲ್ಲಿಕಾರ್ಜುನನ ಪ್ರಸಿದ್ಧವಾದ ದೇವಾಲಯವಿದೆ. ಸಮೀಪದ ಹೊಳೆಯಲ್ಲಿ ದೇವರ ಮೀನುಗಳು ಗುಂಪುಗುಂಪಾಗಿ ಬಂದು ಭಕ್ತರು ಹಾಕಿದ ಅಕ್ಕಿಯನ್ನು ತಿನ್ನುತ್ತವೆ. ಅವುಗಳನ್ನು ಯಾರೂ ಹಿಡಿಯರು. ದೇವರಗುಂಡಿಯ ಜಲಪಾತವೂ ಇದೇ ಕಡೆಯದು. ನಾವು ಹೋದಾಗ ಹೊಳೆಯು ಕೆಂಪಾಗಿ ಮೊರೆಯುತ್ತಿತ್ತು. ಮೀನು ಕಾಣುವ ಕಾಲವಲ್ಲ. ದಾರಿಯ ಮಧ್ಯದಲ್ಲಿ ಮಳೆಯು ಹಿಡಿಯಿತು. ಜೀಪಿನ ಮಾಡಿನ ಮೇಲೆ ಅದು ಬೀಳುವ ಸದ್ದನ್ನು ನಾವೆಲ್ಲರೂ ಕೇಳುತ್ತ ಕುಳಿತೆವು. ಯಾರೂ ಕುರ್ಚಿಯ ಮಾತನ್ನೆತ್ತಲಿಲ್ಲ.

ಮನೆಯ ಅಂಗಳದಲ್ಲಿ ಚಪ್ಪರದ ಕೆಳಗೆ ಜೀಪನ್ನು ನಿಲ್ಲಿಸಿ ಗವಸನ್ನು ಇಳಿಸಿದರು. ಲಾಡಿಯನ್ನು ಬಿಚ್ಚಿ, ನೀರು ಒಳಕ್ಕೆ ಒಸರದಂತೆ ಹೊರಮೈಯನ್ನು ಒರೆಸಿ, ಮೆಲ್ಲಗೆ ಎತ್ತಿದರು. ಒಂದು ಮೂಲೆಯ ಹೊಲಿಗೆಯಿಂದ ಸ್ವಲ್ಪ ನೀರಿಳಿದು ಹಿಂಬದಿಯ ಗಾಲಿಯೊಂದು ತೇವವಾಗಿತ್ತು. ತಾಯಿಯು ಕುರ್ಚಿಯನ್ನು ಬಿಡಿಸಿ, ಆಸನದ ಬಟ್ಟೆಯ ಮೇಲೂ ಕೆಳಗೂ ಅಂಗೈಯನ್ನು ಒತ್ತಿ ಒತ್ತಿ ನೋಡಿದರು. ಕೆನ್ನೆಯನ್ನೂ ಇಟ್ಟು ನೋಡಿದರು. ಅನಂತರ ತಾವೇ ಮೆತ್ತೆಯನ್ನು ಹಾಸಿ ಮಗನಿಗೆ ಕುಳಿತುಕೊಳ್ಳಲು ಹೇಳಿದರು.

ಆ ರಾತ್ರಿಯ ಕೂಟದ ವಿಮರ್ಶೆಯು ಈ ಲೇಖನದ ಉದ್ದೇಶವಲ್ಲ. ವಿದುರನ ಮನೆಗೆ ಕೃಷ್ಣನು ಬರುವ ಭಾಗದಲ್ಲಿ ನಮ್ಮ ಶಿಷ್ಯನು ಹೆಚ್ಚು ಮಾತನಾಡಲಿಲ್ಲ. ಅರ್ಥಧಾರಿಗಳಿಗೆ ಅಪರೂಪವಾದ ಆ ಸಂಯಮವನ್ನು ಭಾಗವತರು ಮೆಚ್ಚಿಕೊಂಡರು. ಪದ ಹಾಡುವಾಗಲೆಲ್ಲ ಅವನು ಎರಡು ಕೈಗಳನ್ನೂರಿ ಮೈಯನ್ನೆತ್ತುತ್ತಿದ್ದನು. ನೋಡುವವರಿಗೆ ವಿದುರನು ದೇವರಿಗೆ ಎದ್ದು ಗೌರವ ತೋರಿದಂತಿತ್ತು. ತಾಯಿಯ ಷರತ್ತಿನಂತೆ ಹನ್ನೆರಡು ಗಂಟೆಯೊಳಗೆ ಮನೆಗೆ ಹಿಂದಿರುಗಿದೆವು. ಬೆಳಿಗ್ಗೆ ಅವನ ಹೆಂಡತಿಯು ಎಂದಿನಂತೆ ಚರ್ಮವನ್ನು ಪರೀಕ್ಷಿಸಿ ಎಲ್ಲಿಯೂ ಕೆಂಪಿಲ್ಲವೆಂದು ತಿಳಿಸಿದಳು.

ಈ ಸೀಮೆಯಲ್ಲಿ ಗಾಲಿಕುರ್ಚಿಯನ್ನು ನೆಚ್ಚಿದವರು ಇವನೊಬ್ಬನೇ ಅಲ್ಲ. ಮುಪ್ಪಿನವರು, ಪಾರ್ಶ್ವವಾಯುವಾದವರು ಎಲ್ಲ ಊರಲ್ಲಿಯೂ ಇರುವರು. ಅಲ್ಲದೆ ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರುಗಳಲ್ಲಿ, ಕಾಸರಗೋಡಿನಿಂದ ಕೊಕ್ಕಡದವರೆಗೆ, ಅಂಗವೈಕಲ್ಯದಿಂದ ಬಳಲುವ ಮಕ್ಕಳನ್ನು ಸಾಕುತ್ತಿರುವ ತಾಯಂದಿರ ಬವಣೆಯು ಲೋಕಕ್ಕೆಲ್ಲ ತಿಳಿದಿದೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಲ್ಲೆಲ್ಲ ನಿಷೇಧಿಸಿತು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಕಟ್ಟಡಗಳೂ ವಾಹನಗಳೂ ಎಲ್ಲರಿಗೂ ಸುಗಮವಾಗಿರಬೇಕೆಂದು ವಿಧಿಸಿದೆ. ಅಧಿನಿಯಮವು ಹಳ್ಳಿಯ ಒಳದಾರಿಯವರೆಗೆ ಬರುವಷ್ಟರಲ್ಲಿ ಎಷ್ಟು ಮಳೆಗಾಲಗಳು ಕಳೆಯುವುವೋ. ಅಷ್ಟರವರೆಗೆ ಮನೆಯವರು ಮಾಡಿಕೊಳ್ಳಬಹುದಾದ ಕೆಲಸಗಳಲ್ಲಿ ಇದೊಂದು.

ಗವಸನ್ನು ಇಟ್ಟುಕೊಂಡ ಗೃಹಸ್ಥರಿಗೆ ಒಂದೆರಡು ಮಾತು. ಒದ್ದೆಯಾದ ಕುರ್ಚಿಗೆ ಗವಸನ್ನು ತೊಡಿಸಲೇಬಾರದು. ಒಳಗೆ ಸಿಕ್ಕಿದ ತೇವವು ಹೊರಗಿನ ಮಳೆಗಿಂತ ಹೆಚ್ಚು ತುಕ್ಕನ್ನೂ ಬೂಷ್ಟನ್ನೂ ತರುತ್ತದೆ. ಮನೆಯಲ್ಲಿಡುವಾಗ ಲಾಡಿಯನ್ನು ಸಡಿಲ ಬಿಟ್ಟು ಗಾಳಿಯಾಡಿಸಬೇಕು. ಇಲಿಗಳು ಗೂಡು ಕಟ್ಟದಂತೆ ವಾರಕ್ಕೊಮ್ಮೆ ಕೊಡಹಬೇಕು. ಮಡಿಚುವ ಕೀಲುಗಳಿಗೆ ತಿಂಗಳಿಗೊಮ್ಮೆ ಎರಡು ಹನಿ ಎಣ್ಣೆ. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಅತಿಥಿಗಳು ಬಂದಾಗ ಕುರ್ಚಿಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡುವುದಕ್ಕೆ ಈ ಗವಸನ್ನು ಬಳಸಬಾರದು. ಕೆಲವು ಮನೆಗಳಲ್ಲಿ ಹಳೆಯ ಸೀರೆಯನ್ನು ಹೊದಿಸಿ ಕುರ್ಚಿಯನ್ನೂ, ಒಳಕೋಣೆಗೆ ಕಳುಹಿಸಿ ಕುಳಿತುಕೊಳ್ಳುವವರನ್ನೂ ಮರೆಮಾಡುವುದನ್ನು ನಾವು ಕಂಡಿದ್ದೇವೆ. ಹೊರಗೆ ಒಯ್ಯುವುದಕ್ಕಾಗಿ ಹೊಲಿಸಿದ ವಸ್ತುವನ್ನು ಹಾಗೆ ಉಪಯೋಗಿಸುವುದು ಯುಕ್ತವಲ್ಲ.

ನಾವು ಅರಂತೋಡನ್ನು ಬಿಡುವ ದಿನ ಗವಸು ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ, ಒಳಮೈ ಹೊರಗಾಗಿ, ಬೆಚ್ಚಗೆ ಒಣಗುತ್ತಿತ್ತು. ನೀರಿಳಿದ ಮೂಲೆಗೆ ಮತ್ತೊಮ್ಮೆ ಮೇಣ ಹಚ್ಚಿದ್ದರು. ಸಂಪಾಜೆಯಲ್ಲಿ ಮುಂದಿನ ಕೂಟವು ಹದಿನೆಂಟನೆಯ ತಾರೀಕಿಗೆ ಗೊತ್ತಾಗಿತ್ತು.